ಸರ್ವರ್ ಹೊಸದಾದರೆ ಸೈಟ್ ಯಾಕೆ ಮುನಿಸಿಕೊಳ್ಳುತ್ತೆ?

ಸ್ವಂತ ವೆಬ್‌ಸೈಟ್ ಇಟ್ಟುಕೊಂಡಿರುವ ಅಂಗಡಿಯವರು, ಶಾಲೆಯವರು, ಸಂಘದವರು ಎಲ್ಲರಿಗೂ ಒಂದಲ್ಲ ಒಂದು ದಿನ ಈ ಮೇಲ್ ಬರುತ್ತದೆ. 'ಶನಿವಾರ ರಾತ್ರಿ ನಿಮ್ಮ ವೆಬ್ ಸರ್ವರನ್ನು ಹೊಸ ಆವೃತ್ತಿಗೆ ಬದಲಾಯಿಸುತ್ತಿದ್ದೇವೆ. ಭಾನುವಾರ ನಿಮ್ಮ ಸೈಟನ್ನು ಒಮ್ಮೆ ನೋಡಿಕೊಳ್ಳಿ.' ಓದಿದವರ ತಲೆಗೆ ಎರಡು ಪ್ರಶ್ನೆ ಬರುತ್ತವೆ. ಇದ್ದದ್ದು ಚೆನ್ನಾಗೇ ಇತ್ತಲ್ಲ, ಬದಲಾಯಿಸೋದು ಯಾಕೆ? ಬದಲಾಯಿಸೋರು ಅವರು, ನೋಡಿಕೊಳ್ಳಬೇಕಾದವನು ನಾನ್ಯಾಕೆ?

ಎರಡನೇ ಪ್ರಶ್ನೆಯ ಬಿಸಿ ನನಗೆ ತಟ್ಟಿದ್ದು 2015ರಲ್ಲಿ. ಒಂದು ಸಹಕಾರ ಸಂಘದ ಪುಟ್ಟ ಸೈಟನ್ನು ಆಗ ನಾನೇ ನೋಡಿಕೊಳ್ಳುತ್ತಿದ್ದೆ. ಒಂದು ರಾತ್ರಿ ಕೂತು ಸರ್ವರ್ ಅಪ್‌ಗ್ರೇಡ್ ಮಾಡಿದೆ. ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಏಳಕ್ಕೇ ಕಾರ್ಯದರ್ಶಿಗಳ ಫೋನ್.

"ಸರ್, ನಮ್ಮ ಪೇಜ್ ತೆಗೆದ್ರೆ 'ಇಟ್ ವರ್ಕ್ಸ್' ಅಂತ ಬರ್ತಿದೆ."

"ಹೌದಾ?"

"ಏನ್ ವರ್ಕ್ ಆಗ್ತಿದೆ ಸರ್? ಬಡ್ಡಿ ದರದ ಪಟ್ಟಿನೇ ಕಾಣ್ತಿಲ್ಲ!"

ಆ ಕಥೆಗೆ ಮತ್ತೆ ಬರುತ್ತೇನೆ. ಮೊದಲು ಈ ವೆಬ್ ಸರ್ವರ್ ಯಾವ ಪ್ರಾಣಿ ಅಂತ ನೋಡೋಣ.

ಸರ್ವರ್ ಅಂದ್ರೆ ಬಡಿಸುವವ

ಸರ್ವರ್ ಅನ್ನುವ ಪದವನ್ನು ಎರಡು ಅರ್ಥದಲ್ಲಿ ಬಳಸುತ್ತಾರೆ. ದಿನದ 24 ಗಂಟೆಯೂ ಆನ್ ಆಗಿರುವ ಕಂಪ್ಯೂಟರನ್ನೂ ಸರ್ವರ್ ಅಂತಾರೆ. ಅದರೊಳಗೆ ಕೂತು, ಬಂದವರಿಗೆ ಪುಟಗಳನ್ನು ಕೊಡುವ ಸಾಫ್ಟ್‌ವೇರನ್ನೂ ಸರ್ವರ್ ಅಂತಾರೆ. ಇಲ್ಲಿ ನಾವು ಮಾತಾಡುತ್ತಿರುವುದು ಎರಡನೆಯದರ ಬಗ್ಗೆ.

ಇದರ ಕೆಲಸ ಹೋಟೆಲ್ ಸಪ್ಲೈಯರ್ ಕೆಲಸದ ಹಾಗೇ. ನೀವು ಮೊಬೈಲಿನಲ್ಲಿ ಒಂದು ವಿಳಾಸ ಒತ್ತುತ್ತೀರಿ. ಅದು ಆರ್ಡರ್. ಸಪ್ಲೈಯರ್ ಕೇಳಿಸಿಕೊಂಡು ಒಳಗೆ ಹೋಗುತ್ತಾನೆ. ಚಿತ್ರ, ಪಿಡಿಎಫ್ ತರಹದ ಸಿದ್ಧ ವಸ್ತುವಾದರೆ ಗಾಜಿನ ಕಪಾಟಿನಲ್ಲಿಟ್ಟ ವಡೆಯ ಹಾಗೆ ಎತ್ತಿಕೊಂಡು ಬರುತ್ತಾನೆ. ನಿಮ್ಮ ಖಾತೆಯ ವಿವರದಂತಹ ಪುಟವಾದರೆ ಆಗಲೇ ಹುಯ್ದು ಕೊಡಬೇಕಾದ ದೋಸೆ. ಅದನ್ನು ಹುಯ್ಯುವವನು ಇವನಲ್ಲ, ಒಳಗಿರುವ ಅಡುಗೆಯವನು. ಪಿಎಚ್‌ಪಿ, ಪೈಥಾನ್ ಅಂತೆಲ್ಲ ಕೇಳಿರುತ್ತೀರಲ್ಲ, ಅವು ಅಡುಗೆಮನೆಯ ಕಡೆಯವು. ಸರ್ವರ್ ತಟ್ಟೆ ಹೊತ್ತು ಓಡಾಡುವವನು, ಅಷ್ಟೇ.

ಬ್ರೌಸರಿನಲ್ಲಿ ಆಗಾಗ ಕಾಣುವ ಸಂಖ್ಯೆಗಳೂ ಇವನ ಮಾತುಗಳೇ. 404 ಅಂದರೆ 'ಅಂಥ ತಿಂಡಿ ನಮ್ಮಲ್ಲಿಲ್ಲ'. 500 ಅಂದರೆ 'ಒಳಗೆ ಒಲೆ ಕೆಟ್ಟಿದೆ'. 403 ಸ್ವಲ್ಪ ಸಿಟ್ಟು ಬರಿಸುವ ಉತ್ತರ. 'ಕೇಳಿಸ್ತು, ಆದರೆ ನಿಮಗೆ ಕೊಡಲ್ಲ.' ಈ 403ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೇಪೆ ಹಾಕಿ ಹಾಕಿ ಆದ ಅಪಾಚೆ

ಇಂಥ ಸಾಫ್ಟ್‌ವೇರ್‌ಗಳಲ್ಲಿ ಹಳೆಯ ಹೆಸರು ಅಪಾಚೆ. 1990ರ ದಶಕದ ಶುರುವಿನಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಅನ್ನುವವರು ಒಂದು ವೆಬ್ ಸರ್ವರ್ ಬರೆದಿದ್ದರು. 1994ರಲ್ಲಿ ಅವರು ಆ ಕೇಂದ್ರ ಬಿಟ್ಟು ಹೋದರು. ಸಾಫ್ಟ್‌ವೇರ್ ದಿಕ್ಕಿಲ್ಲದ ಹಾಗಾಯಿತು. ಬಳಸುತ್ತಿದ್ದವರು ತಮತಮಗೆ ಕಂಡ ತೂತಿಗೆ ತಾವೇ ತೇಪೆ ಹಾಕಿಕೊಳ್ಳತೊಡಗಿದರು. ಅವನ ತೇಪೆ ಇವನಿಗೆ ಗೊತ್ತಿಲ್ಲ, ಇವನ ತೇಪೆ ಅವನಿಗೆ ಗೊತ್ತಿಲ್ಲ. 1995ರ ಫೆಬ್ರವರಿಯಲ್ಲಿ ಬ್ರಯಾನ್ ಬೆಲೆನ್‌ಡಾರ್ಫ್, ರಾಯ್ ಫೀಲ್ಡಿಂಗ್ ಮುಂತಾದ ಎಂಟು ಮಂದಿ ಸೇರಿ, ಎಲ್ಲ ತೇಪೆಗಳನ್ನೂ ಒಂದೆಡೆ ಹೊಲಿದರು. ತೇಪೆಗೆ ಇಂಗ್ಲಿಷಿನಲ್ಲಿ ಪ್ಯಾಚ್. 'ಎ ಪ್ಯಾಚಿ ಸರ್ವರ್' ಅಂತ ಬೇಗ ಬೇಗ ಹೇಳಿ ನೋಡಿ! ಹೆಸರು ಬಂದದ್ದು ಅಮೆರಿಕದ ಮೂಲನಿವಾಸಿ ಅಪಾಚೆ ಜನರ ಮೇಲಿನ ಗೌರವದಿಂದ ಅಂತಲೂ ಹೇಳುತ್ತಾರೆ. ಎರಡೂ ಇರಬಹುದು ಬಿಡಿ.

1995ರ ಡಿಸೆಂಬರ್ 1ಕ್ಕೆ ಅಪಾಚೆ 1.0 ಬಂತು. ಮರುವರ್ಷ ಏಪ್ರಿಲ್ ಹೊತ್ತಿಗೆ ಇಂಟರ್ನೆಟ್ಟಿನಲ್ಲಿ ಎಲ್ಲರಿಗಿಂತ ಜಾಸ್ತಿ ಬಳಕೆಯಲ್ಲಿದ್ದ ಸರ್ವರ್ ಇದೇ ಆಗಿತ್ತು. 1999ರಲ್ಲಿ ಇದನ್ನು ನೋಡಿಕೊಳ್ಳಲು ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ ಹುಟ್ಟಿತು.

ಅಪಾಚೆ ಓಪನ್ ಸೋರ್ಸ್ ಸಾಫ್ಟ್‌ವೇರ್. ಓಪನ್ ಸೋರ್ಸ್ ಅಂದರೆ ಬರೀ ಪುಕ್ಕಟೆ ಅಂತಲ್ಲ. ಸಾಫ್ಟ್‌ವೇರಿನ ಮೂಲ ಬರಹ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ವಾಪಸ್ ಕೊಡಬಹುದು. ಹಾಗಂತ ಕೊಟ್ಟದ್ದನ್ನೆಲ್ಲ ಸೇರಿಸಿಕೊಳ್ಳುವುದಿಲ್ಲ. ಇಲ್ಲಿ ಮತ ಹಾಕುವ ಪದ್ಧತಿ ಇದೆ. ಒಪ್ಪಿಗೆ ಇದ್ದವರು '+1' ಅಂತ ಬರೆಯುತ್ತಾರೆ, ಇಲ್ಲದವರು '-1'. ಹೊಸ ಬಿಡುಗಡೆಗೆ ಯೋಜನೆಯ ಸಮಿತಿಯ ಕನಿಷ್ಠ ಮೂರು ಮಂದಿಯ '+1' ಬೇಕು. ಬೇಡ ಅನ್ನುವವರಿಗಿಂತ ಬೇಕು ಅನ್ನುವವರು ಜಾಸ್ತಿಯೂ ಇರಬೇಕು. ಇದು ಒಂಥರಾ ಸಂಘದ ಆಡಳಿತ ಮಂಡಳಿ ಸಭೆ. ಟೀ ಬಿಸ್ಕೆಟ್ ಮಾತ್ರ ಇಲ್ಲ.

ಮೂರು ಅಂಕಿ, ಎರಡು ಚುಕ್ಕೆ

ಅಪಾಚೆಯ ಆವೃತ್ತಿ ಸಂಖ್ಯೆ 2.4.17 ಅನ್ನುವ ಹಾಗಿರುತ್ತದೆ. ಇದು ದಶಮಾಂಶ ಅಲ್ಲ. 2.4.9 ಆದಮೇಲೆ ಬರುವುದು 2.4.10. ಹೊಸಬರು ಇಲ್ಲಿ ಎಡವುವುದು ಜಾಸ್ತಿ. 2.4.10ಕ್ಕಿಂತ 2.4.9 ದೊಡ್ಡದು ಅಂದುಕೊಳ್ಳುತ್ತಾರೆ.

ಶಾಲೆಯ ಪಠ್ಯಪುಸ್ತಕವನ್ನು ನೆನೆಸಿಕೊಳ್ಳಿ. ಅಚ್ಚಿನ ತಪ್ಪು ತಿದ್ದಿ ಮತ್ತೆ ಮುದ್ರಿಸಿದರೆ ಹಳೆ ಗೈಡ್ ಇಟ್ಟುಕೊಂಡೂ ಓದಬಹುದು. ಪುಟ ಸಂಖ್ಯೆ ಕೂಡ ಬದಲಾಗಿರುವುದಿಲ್ಲ. ಸಿಲೆಬಸ್ಸೇ ಬದಲಾದರೆ? ಅಕ್ಕನ ಪುಸ್ತಕ ತಮ್ಮನಿಗೆ ಉಪಯೋಗಕ್ಕೆ ಬರುವುದಿಲ್ಲ.

ಅಪಾಚೆಯಲ್ಲಿ ಕೊನೆಯ ಅಂಕಿ ಬದಲಾದರೆ ಅದು ಮರುಮುದ್ರಣ. 2.4.16ಕ್ಕೆ ಅಂತ ಮಾಡಿದ ಹೆಚ್ಚುವರಿ ಬಿಡಿಭಾಗಗಳು 2.4.17ರಲ್ಲೂ ನಡೆಯಬೇಕು ಅನ್ನುವುದು ಅವರು ಕೊಟ್ಟಿರುವ ಮಾತು. ಈ ಬಿಡಿಭಾಗಗಳನ್ನು ಮಾಡ್ಯೂಲ್ ಅಂತಾರೆ. ನಡುವಿನ ಅಂಕಿ ಬದಲಾದರೆ ಆ ಮಾತು ಮುಗಿಯಿತು. 2.2ರ ಮಾಡ್ಯೂಲ್ 2.4ಕ್ಕೆ ಕೂರುವುದಿಲ್ಲ. ಸೆಟ್ಟಿಂಗ್ ಬರೆಯುವ ರೀತಿಯೂ ಅಲ್ಲಲ್ಲಿ ಬೇರೆ. ಹಾಗಾಗಿ ಅಪಾಚೆಯಲ್ಲಿ ದೊಡ್ಡ ಆವೃತ್ತಿ ಅಂದರೆ ನಡುವಿನ ಅಂಕಿಯೇ. 2.0 ಬಂದಮೇಲೆ 2.0, 2.2, 2.4 ಹೀಗೆ ಸಮಸಂಖ್ಯೆಗಳು ಮಾತ್ರ ಜನರ ಬಳಕೆಗೆ. 2.1, 2.3 ಇದ್ದವು, ಆದರೆ ಅವು ಒಳಗಿನವರ ಪ್ರಯೋಗಕ್ಕೆ.

ಸುಧಾರಣೆಯೆಲ್ಲ ದೊಡ್ಡ ಆವೃತ್ತಿಯಲ್ಲೇ ಬರುತ್ತದೆ ಅಂತಲೂ ಅಲ್ಲ. ವೆಬ್ ಪುಟಗಳನ್ನು ಬೇಗ ತಲುಪಿಸುವ ಎಚ್‌ಟಿಟಿಪಿ 2 ಎಂಬ ಹೊಸ ನಿಯಮ 2015ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 2.4.17ರಲ್ಲಿ ಸದ್ದಿಲ್ಲದೆ ಬಂದು ಸೇರಿಕೊಂಡಿತು. ಹಳೆಯದೇನೂ ಮುರಿಯಲಿಲ್ಲ, ಹೊಸದೊಂದು ಸೇರಿತು. ಅದಕ್ಕೇ ದೊಡ್ಡ ಅಂಕಿ ಬೇಕಾಗಲಿಲ್ಲ. ದೊಡ್ಡ ಅಂಕಿ ಬರುವುದು ಹಳೆಯದನ್ನು ಮುರಿಯಬೇಕಾಗಿ ಬಂದಾಗ.

ಟೇಬಲ್‌ಗೊಬ್ಬ ಸಪ್ಲೈಯರ್

ಮುರಿಯಬೇಕಾಗಿ ಬರುವುದು ಯಾಕೆ? 1.3ರಿಂದ 2.0ಗೆ ಹೋದ ಕಥೆ ನೋಡಿದರೆ ತಿಳಿಯುತ್ತದೆ.

1998ರ ಜೂನಿನಲ್ಲಿ ಬಂದ 1.3 ಒಂದು ಸರಳ ಪದ್ಧತಿಯ ಮೇಲೆ ನಿಂತಿತ್ತು. ಒಂದು ಟೇಬಲ್ಲಿಗೆ ಒಬ್ಬ ಸಪ್ಲೈಯರ್. ಗಿರಾಕಿ ಬಂದು ಕೂತರೆ ಒಬ್ಬ ಅವನ ಪಕ್ಕ ಹೋಗಿ ನಿಲ್ಲುತ್ತಾನೆ. ಗಿರಾಕಿ ಎದ್ದು ಹೋಗುವವರೆಗೂ ಅಲ್ಲೇ. ರಶ್ ಆಗುತ್ತೆ ಅಂತ ಮೊದಲೇ ನಾಲ್ಕು ಜನರನ್ನು ಜಾಸ್ತಿ ಕರೆಸಿ ನಿಲ್ಲಿಸಿಕೊಂಡಿರುತ್ತಾರೆ. ಕಂಪ್ಯೂಟರ್ ಭಾಷೆಯಲ್ಲಿ ಇಂಥ ಒಬ್ಬೊಬ್ಬನೂ ಒಂದು ಪ್ರೊಸೆಸ್. ಇದರಲ್ಲಿ ದೊಡ್ಡ ಲಾಭ ಇದೆ. ಒಬ್ಬ ಎಡವಿ ಬಿದ್ದರೆ ಅವನ ಟೇಬಲ್ಲಿನ ಸಾಂಬಾರ್ ಮಾತ್ರ ಚೆಲ್ಲುತ್ತದೆ. ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ.

ನಷ್ಟ ಏನು? ಪ್ರತಿ ಸಪ್ಲೈಯರಿಗೂ ಸಂಬಳ, ಜಾಗ ಕೊಡಬೇಕು. ಇಲ್ಲಿ ಸಂಬಳ ಅಂದರೆ ಕಂಪ್ಯೂಟರಿನ ಮೆಮೊರಿ. ನೂರು ಗಿರಾಕಿಗೆ ನೂರು ಜನ, ಸರಿ. ಹತ್ತು ಸಾವಿರ ಗಿರಾಕಿ ಒಟ್ಟಿಗೆ ಬಂದರೆ ಹೋಟೆಲಿನ ತುಂಬ ಸಪ್ಲೈಯರ್‌ಗಳೇ ಇರುತ್ತಾರೆ, ಟೇಬಲ್ ಹಾಕಲು ಜಾಗ ಇರುವುದಿಲ್ಲ. ಒಂದೇ ಯಂತ್ರ ಹತ್ತು ಸಾವಿರ ಜನರನ್ನು ಹೇಗೆ ಸಂಭಾಳಿಸಬೇಕು ಎಂಬ ಪ್ರಶ್ನೆಯನ್ನು 1999ರಲ್ಲಿ ಡಾನ್ ಕೆಗೆಲ್ ಎಂಬ ಎಂಜಿನಿಯರ್ ಎತ್ತಿದರು. ಅದಕ್ಕೆ 'ಸಿ10ಕೆ' ಅಂತಲೇ ಹೆಸರಾಯಿತು.

2002ರ ಏಪ್ರಿಲಿನಲ್ಲಿ ಬಂದ 2.0, ಸಪ್ಲೈಯರ್‌ಗಳನ್ನು ನಿಲ್ಲಿಸುವ ವ್ಯವಸ್ಥೆಯನ್ನೇ ಬಿಚ್ಚಿ ಬೇರೆ ಜೋಡಿಸಬಹುದಾದ ಭಾಗವನ್ನಾಗಿ ಮಾಡಿತು. ಹಳೆ ಪದ್ಧತಿ ಬೇಕಾದರೆ 'ಪ್ರಿಫೋರ್ಕ್' ಇಟ್ಟುಕೊಳ್ಳಿ. ಹೊಸದು ಬೇಕಾದರೆ 'ವರ್ಕರ್'. ವರ್ಕರ್‌ನಲ್ಲಿ ಹಲವು ಸಪ್ಲೈಯರ್‌ಗಳು ಒಂದೇ ಕೌಂಟರ್ ಹಂಚಿಕೊಳ್ಳುತ್ತಾರೆ. ಪಾತ್ರೆ, ಸೌಟು ಎಲ್ಲ ಒಂದೇ ಸೆಟ್. ಮೆಮೊರಿ ಉಳಿಯಿತು.

ಎಡವಟ್ಟಾದದ್ದೂ ಇಲ್ಲೇ. ಒಂದೇ ಸೌಟಿಗೆ ಇಬ್ಬರು ಒಟ್ಟಿಗೆ ಕೈ ಹಾಕಿದರೆ ಏನಾಗುತ್ತೆ ಅಂತ ಅಡುಗೆಮನೆಯವರು ಯೋಚಿಸಿಯೇ ಇರಲಿಲ್ಲ. ಆ ಕಾಲದಲ್ಲಿ ಅಪಾಚೆ ಜೊತೆಗೆ ಜನ ಬಳಸುತ್ತಿದ್ದದ್ದು ಪಿಎಚ್‌ಪಿ. ಅದು ನೆಚ್ಚಿಕೊಂಡಿದ್ದ ಎಷ್ಟೋ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಸಾಫ್ಟ್‌ವೇರ್ ತುಣುಕುಗಳು, ಹಂಚಿಕೊಂಡು ಕೆಲಸ ಮಾಡಲು ತಯಾರಾಗಿರಲಿಲ್ಲ. ಒಬ್ಬರ ಲೆಕ್ಕ ಇನ್ನೊಬ್ಬರ ಲೆಕ್ಕದ ಜೊತೆ ಕಲಸಿಹೋಗುವ ಅಪಾಯ. ಅಪಾಚೆ 2ರಲ್ಲಿ ಹಂಚಿಕೆಯ ಪದ್ಧತಿಯನ್ನು ನಿಜವಾದ ಸೈಟುಗಳಿಗೆ ಬಳಸಬೇಡಿ ಅಂತ ಪಿಎಚ್‌ಪಿಯ ಕೈಪಿಡಿಯೇ ಎಚ್ಚರಿಸುತ್ತಿತ್ತು.

ಹಾಗಾಗಿ ಜನ ಕದಲಲಿಲ್ಲ. ಹೊಸದು ಚೆನ್ನಾಗಿದೆ ಅಂತ ಎಲ್ಲರಿಗೂ ಗೊತ್ತು. ಆದರೆ ಅಡುಗೆಯವನು ಬರಲ್ಲ ಅಂದರೆ ಹೊಸ ಹೋಟೆಲ್ ಕಟ್ಟಿ ಏನು ಮಾಡೋದು? 1.3ರ ಕೊನೆಯ ಬಿಡುಗಡೆ, 1.3.42, ಬಂದದ್ದು 2010ರ ಫೆಬ್ರವರಿಯಲ್ಲಿ. 2.0 ಬಂದು ಆಗ ಎಂಟು ವರ್ಷ ಆಗುತ್ತಾ ಬಂದಿತ್ತು! ಮಧ್ಯೆ, 2005ರ ಡಿಸೆಂಬರಿನಲ್ಲಿ, 2.2 ಕೂಡ ಬಂದಿತ್ತು. ಮಗ ಬೆಳೆದು ಮೊಮ್ಮಗ ಬಂದರೂ ಅಜ್ಜ ಅಂಗಡಿ ಗಲ್ಲಾಪೆಟ್ಟಿಗೆ ಬಿಟ್ಟಿರಲಿಲ್ಲ.

ಟೀ ಕುಡಿಯುತ್ತಾ ಕೂತ ಗಿರಾಕಿ

2012ರ ಫೆಬ್ರವರಿಯಲ್ಲಿ 2.4 ಬಂತು. ಅಷ್ಟರಲ್ಲಿ ಎದುರುಗಡೆ ಇನ್ನೊಂದು ಹೋಟೆಲ್ ತೆರೆದಿತ್ತು. ರಷ್ಯಾದ ರ‍್ಯಾಂಬ್ಲರ್ ಕಂಪನಿಯಲ್ಲಿದ್ದ ಇಗೊರ್ ಸಿಸೊಯೆವ್ ಅನ್ನುವವರು ಆ ಹತ್ತು ಸಾವಿರದ ಪ್ರಶ್ನೆಗೆ ಉತ್ತರವಾಗಿ ಎಂಜಿನ್ಎಕ್ಸ್ ಎಂಬ ವೆಬ್ ಸರ್ವರ್ ಬರೆದು, 2004ರ ಅಕ್ಟೋಬರಿನಲ್ಲಿ ಎಲ್ಲರಿಗೂ ಕೊಟ್ಟಿದ್ದರು. ಅಲ್ಲಿ ಬೆರಳೆಣಿಕೆಯ ಸಪ್ಲೈಯರ್‌ಗಳು. ಯಾರೂ ಯಾವ ಟೇಬಲ್ ಹತ್ತಿರವೂ ನಿಲ್ಲುವುದಿಲ್ಲ. ಎಲ್ಲಿ ಕೈ ಎತ್ತಿದರೋ ಅಲ್ಲಿಗೆ ಓಡುತ್ತಾರೆ. ಒಬ್ಬನೇ ಸಾವಿರಾರು ಟೇಬಲ್ ನೋಡಿಕೊಳ್ಳುತ್ತಾನೆ.

(ಎಂಜಿನ್ಎಕ್ಸ್‌ನ ಸಂಖ್ಯೆಗಳ ಲೆಕ್ಕ ಬೇರೆ. 2011ರಲ್ಲಿ 1.0 ಬಂದಮೇಲೆ ಮೊದಲ ಅಂಕಿ ಒಂದರಲ್ಲೇ ಉಳಿದಿದೆ. 1.26, 1.28ರ ಹಾಗೆ ನಡುವಿನ ಅಂಕಿ ಸಮ ಇದ್ದರೆ ಅದು ಹೆಚ್ಚು ಬದಲಾಗದ ಸಾಲು. ಬೆಸ ಇದ್ದರೆ ಹೊಸ ಸೌಲಭ್ಯಗಳು ಮೊದಲು ಬರುವ ಸಾಲು. ಒಂದು ಸಾಫ್ಟ್‌ವೇರಿನ ಅಂಕಿಯ ಲೆಕ್ಕ ಇನ್ನೊಂದಕ್ಕೆ ನಡೆಯುವುದಿಲ್ಲ.)

ಅಪಾಚೆ 2.4 ಇದೇ ದಾರಿಗೆ ಹತ್ತಿರವಾಯಿತು. ಅದರ ಹೊಸ ಪದ್ಧತಿಯ ಹೆಸರು 'ಈವೆಂಟ್'. 2.2ರಲ್ಲಿ ಪ್ರಯೋಗದ ಹಂತದಲ್ಲಿದ್ದದ್ದು, 2.4ರಲ್ಲಿ ಪಕ್ಕಾ ಆಯಿತು.

ಇದು ಬಗೆಹರಿಸಿದ ತೊಂದರೆ ದಿನಾ ಕಾಣುವಂಥದ್ದೇ. ಗಿರಾಕಿ ತಿಂಡಿ ತಿಂದಾಯಿತು. ಆದರೂ ಟೀ ಕುಡಿಯುತ್ತಾ, ಪೇಪರ್ ಓದುತ್ತಾ ಕೂತಿದ್ದಾನೆ. ಇನ್ನೇನಾದರೂ ಬೇಕು ಅನ್ನಬಹುದು, ಅನ್ನದೆಯೂ ಇರಬಹುದು. ಬ್ರೌಸರ್ ಕೂಡ ಹಾಗೇ. ಒಂದು ಪುಟ ತರಿಸಿಕೊಂಡಮೇಲೆ ಮತ್ತೇನಾದರೂ ಬೇಕಾದೀತು ಅಂತ ಸಂಪರ್ಕವನ್ನು ಹಿಡಿದಿಟ್ಟುಕೊಳ್ಳುತ್ತದೆ. 1.3ರ ಕಾಲದಲ್ಲಿ ಹೀಗೆ ಕಾಯಲು ಸಾಮಾನ್ಯವಾಗಿ 15 ಸೆಕೆಂಡ್ ಇಟ್ಟಿದ್ದರು. ಆ 15 ಸೆಕೆಂಡೂ ಸಪ್ಲೈಯರ್ ಸುಮ್ನೆ ಪಕ್ಕದಲ್ಲಿ ಕೈಕಟ್ಟಿ ನಿಂತಿರಬೇಕು. ಬಾಗಿಲಲ್ಲಿ ಹೊಸ ಗಿರಾಕಿ ಕಾಯುತ್ತಿದ್ದರೂ ಸರಿ. 2.2ರ ಹೊತ್ತಿಗೆ ಅದನ್ನು 5 ಸೆಕೆಂಡಿಗೆ ಇಳಿಸಿದ್ದರು. ಆದರೆ ನಿಲ್ಲುವುದು ತಪ್ಪಿರಲಿಲ್ಲ.

ಈವೆಂಟ್ ಪದ್ಧತಿಯಲ್ಲಿ ಟೀ ಕುಡಿಯುವವರನ್ನೆಲ್ಲ ನೋಡಿಕೊಳ್ಳಲು ಒಬ್ಬನೇ ಸಾಕು. ಅವನು ಮೂಲೆಯಲ್ಲಿ ನಿಂತು ಎಲ್ಲರ ಮೇಲೂ ಕಣ್ಣಿಟ್ಟಿರುತ್ತಾನೆ. ಯಾರಾದರೂ ಕೈ ಎತ್ತಿದರೆ ಬಿಡುವಾಗಿರುವ ಒಬ್ಬನನ್ನು ಕಳಿಸುತ್ತಾನೆ. ಉಳಿದವರೆಲ್ಲ ನಿಜವಾದ ಕೆಲಸಕ್ಕೆ ಸಿಗುತ್ತಾರೆ. ಅದೇ ಕಂಪ್ಯೂಟರ್, ಅದೇ ಮೆಮೊರಿ, ಜಾಸ್ತಿ ಗಿರಾಕಿ.

ಹಳೆಯ ಪ್ರಿಫೋರ್ಕನ್ನು ಬಿಡದವರೂ ಇದ್ದರು, ಅದೇ ಪಿಎಚ್‌ಪಿ ಕಾರಣಕ್ಕೆ. 2017ರ 2.4.27ರಿಂದ ಅವರಿಗೆ ಒಂದು ಪೆಟ್ಟು ಬಿತ್ತು. ಪ್ರಿಫೋರ್ಕ್ ಇಟ್ಟುಕೊಂಡರೆ ಎಚ್‌ಟಿಟಿಪಿ 2 ಸಿಗುವುದಿಲ್ಲ ಅಂತಾಯಿತು. ಬೇಕಾದವರು ಪಿಎಚ್‌ಪಿಯನ್ನು ಅಪಾಚೆಯ ಹೊಟ್ಟೆಯೊಳಗಿಂದ ತೆಗೆದು, ಬೇರೆ ಅಡುಗೆಮನೆಯಾಗಿ ನಡೆಸುವ ಪದ್ಧತಿಗೆ ಬದಲಾದರು.

ನನ್ನ ಸೈಟ್ ಯಾಕೆ ಮಾಯವಾಯಿತು

ಈಗ 2015ರ ಆ ಬೆಳಿಗ್ಗೆಗೆ ಬರೋಣ. ನಾನೇನೂ ಬೇಕೂಂತ ಅಪಾಚೆ ಬದಲಾಯಿಸಿರಲಿಲ್ಲ. ಸರ್ವರಿನಲ್ಲಿ ಉಬುಂಟು 12.04 ಇತ್ತು, ಅದನ್ನು 14.04 ಮಾಡಿದೆ. ಉಬುಂಟು ಅನ್ನುವುದು ನಮ್ಮ ಮನೆಯ ಕಂಪ್ಯೂಟರಿನ ವಿಂಡೋಸ್ ಇದ್ದ ಹಾಗೆ, ಎಲ್ಲದಕ್ಕೂ ತಳಪಾಯ. ಹಳೆಯದರ ಜೊತೆ ಅಪಾಚೆ 2.2 ಬರುತ್ತಿತ್ತು, ಹೊಸದರ ಜೊತೆ 2.4. ಮನೆ ಬದಲಾಯಿಸಿದಾಗ ಅಡುಗೆಮನೆಯೂ ಬದಲಾಗಿರುತ್ತದಲ್ಲ, ಹಾಗೆ. ಬಹಳ ಜನ ದೊಡ್ಡ ಆವೃತ್ತಿಗೆ ಹೋಗುವುದು ಹೀಗೆಯೇ, ಗೊತ್ತಿಲ್ಲದೆ.

ನಡುರಾತ್ರಿ ಅಪ್‌ಗ್ರೇಡ್ ಮಧ್ಯೆ ಒಂದು ಪ್ರಶ್ನೆ ಬಂತು. ಸೆಟ್ಟಿಂಗ್ ಫೈಲನ್ನು ನೀವು ತಿದ್ದಿದ್ದೀರಿ, ನಿಮ್ಮದನ್ನೇ ಇಟ್ಟುಕೊಳ್ಳಲೋ, ಹೊಸದನ್ನು ಹಾಕಲೋ? ನಿದ್ದೆಗಣ್ಣು. ಹೊಸದು ಒಳ್ಳೆಯದೇ ಇರುತ್ತೆ ಅಂತ 'ವೈ' ಒತ್ತಿದೆ.

ಹೊಸ ಫೈಲಿನಲ್ಲಿ ಒಂದು ಸಣ್ಣ ನಿಯಮ ಬಂದಿತ್ತು. ಪ್ರತಿ ಸೈಟಿನ ಸೆಟ್ಟಿಂಗ್ ಫೈಲಿನ ಹೆಸರು 'ಡಾಟ್ ಕಾನ್ಫ್' ಅಂತ ಮುಗಿಯಬೇಕು. ಇಲ್ಲದಿದ್ದರೆ ಅದನ್ನು ಓದುವುದೇ ಇಲ್ಲ. ನನ್ನ ಫೈಲಿಗೆ ಬರೀ ಸಂಘದ ಹೆಸರಿತ್ತು. ಹಾಗಾಗಿ ಅಪಾಚೆಯ ಕಣ್ಣಿಗೆ ನಮ್ಮ ಸಂಘ ಇಲ್ಲವೇ ಇಲ್ಲ. ಯಾವ ಸೈಟೂ ಕಾಣದಿದ್ದಾಗ ಅದು ತನ್ನ ಸ್ವಂತ ಪುಟ ತೋರಿಸುತ್ತದೆ. 'ಇಟ್ ವರ್ಕ್ಸ್!' ಕಾರ್ಯದರ್ಶಿಗಳು ನೋಡಿದ್ದು ಅದನ್ನೇ.

ಹೆಸರು ಸರಿ ಮಾಡಿ ಪುಟ ತೆಗೆದೆ. ಈಗ 403. ಕೊಡಲ್ಲ.

ಲಾಗ್ ಫೈಲ್ ತೆಗೆದು ನೋಡಿದೆ. ಲಾಗ್ ಅಂದರೆ ಸರ್ವರ್ ಬರೆದಿಡುವ ದಿನಚರಿ. ಅದರಲ್ಲಿ 'ಎಎಚ್01630' ಎಂಬ ಸಂಖ್ಯೆ, ಪಕ್ಕದಲ್ಲಿ 'ಸರ್ವರ್ ಸೆಟ್ಟಿಂಗ್ ಪ್ರಕಾರ ಗಿರಾಕಿಗೆ ಪ್ರವೇಶ ಇಲ್ಲ' ಎಂಬರ್ಥದ ಮಾತು. ಹೀಗೆ ಪ್ರತಿ ತಪ್ಪಿಗೂ ಸಂಖ್ಯೆ ಕೊಡುವುದು ಕೂಡ 2.4ರ ಹೊಸ ಪದ್ಧತಿಯೇ. ಹುಡುಕುವವರಿಗೆ ದೊಡ್ಡ ಉಪಕಾರ.

ತೊಂದರೆ ಇದ್ದದ್ದು ಎರಡೇ ಸಾಲಿನಲ್ಲಿ. ಯಾವ ಫೋಲ್ಡರ್ ಯಾರಿಗೆ ತೋರಿಸಬೇಕು ಅಂತ ಹೇಳಲು 2.2ರವರೆಗೆ ಹೀಗೆ ಬರೆಯಬೇಕಿತ್ತು: 'ಆರ್ಡರ್ ಅಲೋ, ಡಿನೈ'. ಅದರ ಕೆಳಗೆ 'ಅಲೋ ಫ್ರಮ್ ಆಲ್'. ಅಂದರೆ ಮೊದಲು ಬಿಡುವವರ ಪಟ್ಟಿ ನೋಡು, ಆಮೇಲೆ ತಡೆಯುವವರ ಪಟ್ಟಿ ನೋಡು; ಇಲ್ಲಿ ಎಲ್ಲರನ್ನೂ ಬಿಡು. ಎರಡು ಪದ ಅದಲುಬದಲಾದರೆ ಅರ್ಥವೇ ತಿರುಗುಮುರುಗು. ಎರಡೂ ಪಟ್ಟಿಯಲ್ಲಿ ಇಲ್ಲದವನ ಗತಿ ಏನು ಅನ್ನುವುದನ್ನು ಕೂಡ ಆ ಪದಗಳ ಕ್ರಮವೇ ತೀರ್ಮಾನಿಸುತ್ತಿತ್ತು. ಹತ್ತು ವರ್ಷ ಬಳಸಿದವರೂ ಪ್ರತಿ ಸಲ ಪುಸ್ತಕ ತೆಗೆದು ನೋಡುತ್ತಿದ್ದರು. ಸುಳ್ಳಲ್ಲ, ನಾನೂ ಅವರಲ್ಲೊಬ್ಬ.

2.4ರಲ್ಲಿ ಅದನ್ನು ಒಂದೇ ಸಾಲು ಮಾಡಿದರು: 'ರಿಕ್ವೈರ್ ಆಲ್ ಗ್ರಾಂಟೆಡ್'. ಎಲ್ಲರಿಗೂ ಒಪ್ಪಿಗೆ. ತಡೆಯಬೇಕಾದರೆ 'ರಿಕ್ವೈರ್ ಆಲ್ ಡಿನೈಡ್'. ಓದಿದರೆ ಅರ್ಥವಾಗುತ್ತದೆ, ಅಲ್ವಾ?

ಹಳೆ ಸಾಲುಗಳೂ ನಡೆಯಲಿ ಅಂತ ಒಂದು ಸೇತುವೆಯ ಮಾಡ್ಯೂಲ್ ಕೊಟ್ಟಿದ್ದರು. ನನ್ನ ಸರ್ವರಿನಲ್ಲಿ ಅದು ಇತ್ತು ಕೂಡ. ಆದರೆ ಹೊಸ ಸೆಟ್ಟಿಂಗ್ ಫೈಲಿನ ಮೇಲ್ಗಡೆಯೇ ಇಡೀ ಕಂಪ್ಯೂಟರಿಗೆ ಅನ್ವಯಿಸುವ ಹಾಗೆ 'ರಿಕ್ವೈರ್ ಆಲ್ ಡಿನೈಡ್' ಅಂತ ಬರೆದಿತ್ತು. ಮೊದಲು ಎಲ್ಲ ಬಾಗಿಲಿಗೂ ಬೀಗ, ಬೇಕಾದ ಬಾಗಿಲು ನೀವೇ ತೆರೆಯಿರಿ ಅನ್ನುವ ಲೆಕ್ಕ. ಸಾಮಾನ್ಯವಾಗಿ ಸೈಟುಗಳಿರುವ ಫೋಲ್ಡರ್ ಒಂದನ್ನು ಅವರೇ ತೆರೆದಿಟ್ಟಿದ್ದರು. ನನ್ನ ಸೈಟ್ ಇದ್ದದ್ದು ಬೇರೆ ಕಡೆ. ನಾನು ಹಳೆ ಭಾಷೆಯಲ್ಲಿ 'ಬಿಡಿ' ಅಂತಿದ್ದೆ. ಹೊಸ ಬೀಗಕ್ಕೆ ಆ ಭಾಷೆ ಗೊತ್ತಿಲ್ಲ.

ಎರಡು ಸಾಲು ಅಳಿಸಿ ಒಂದು ಸಾಲು ಬರೆದೆ. ಬಡ್ಡಿ ದರದ ಪಟ್ಟಿ ಬಂತು. ಬೈದುಕೊಂಡದ್ದಕ್ಕೆ ಮಾತ್ರ ಲೆಕ್ಕವಿಲ್ಲ. ಒಂದು ಸಾಲಿಗೋಸ್ಕರ ಇಷ್ಟೆಲ್ಲ ಬೇಕಿತ್ತಾ?

ನೋಡಿಕೊಳ್ಳಬೇಕಾದವರು ನೀವ್ಯಾಕೆ?

ಸರ್ವರ್ ಕಂಪನಿಯವರು ತಮ್ಮ ಸೆಟ್ಟಿಂಗ್ ಫೈಲುಗಳನ್ನು ಹೊಸ ಭಾಷೆಗೆ ತಿದ್ದಿರುತ್ತಾರೆ. ಆದರೆ ನಿಮ್ಮ ಸೈಟಿನ ಫೋಲ್ಡರಿನೊಳಗೂ 'ಎಚ್‌ಟಿಆಕ್ಸೆಸ್' ಎಂಬ ಒಂದು ಫೈಲ್ ಇರಬಹುದು. ಹೆಸರಿನ ಮುಂದೆ ಚುಕ್ಕೆ ಇರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಯಾವುದೋ ಕಾಲದಲ್ಲಿ ನಿಮಗೆ ಸೈಟ್ ಮಾಡಿಕೊಟ್ಟ ಹುಡುಗ ಅದರಲ್ಲಿ ಹಳೆ ಸಾಲುಗಳನ್ನು ಬರೆದಿಟ್ಟು ಹೋಗಿರುತ್ತಾನೆ. ಅದು ನಿಮ್ಮ ಆಸ್ತಿ, ಕಂಪನಿಯವರು ಕೈ ಹಾಕುವುದಿಲ್ಲ. ಅದಕ್ಕೇ ಮೇಲ್ ನಿಮಗೆ ಬರುವುದು.

ಮೇಲ್ ಬಂದರೆ ಮೊದಲು ಕೇಳಬೇಕಾದ್ದು ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ ಅಂತ. ಕೊನೆಯ ಅಂಕಿ ಮಾತ್ರವಾದರೆ ಅಷ್ಟು ತಲೆಬಿಸಿ ಬೇಡ. ನಡುವಿನದ್ದೋ ಮೊದಲಿನದ್ದೋ ಆದರೆ ಭಾನುವಾರ ಹತ್ತು ನಿಮಿಷ ಕೊಡಿ. ಮುಖಪುಟ ನೋಡಿ ಮುಚ್ಚಿಬಿಡಬೇಡಿ. ಒಳಗಿನ ನಾಲ್ಕು ಪುಟ ತೆಗೆಯಿರಿ, ಲಾಗಿನ್ ಆಗಿ, ಒಂದು ಫೋಟೋ ಹಾಕಿ ನೋಡಿ, ಸಂಪರ್ಕದ ಫಾರ್ಮಿನಿಂದ ನಿಮಗೆ ನೀವೇ ಒಂದು ಸಾಲು ಕಳಿಸಿ. ಕೆಟ್ಟಿದ್ದರೆ ಸಾಮಾನ್ಯವಾಗಿ ಇಲ್ಲೇ ಎಲ್ಲೋ ಸಿಗುತ್ತದೆ.

ಅಂಕಿ ಹಳೆಯದು, ಸರಕು ಹೊಸದು

ಸೆಕ್ಯುರಿಟಿ ಆಡಿಟ್ ಮಾಡಿಸಿದವರಿಗೆ ಒಂದು ಗೊಂದಲ ಎದುರಾಗಿರುತ್ತದೆ. 'ನಿಮ್ಮ ಅಪಾಚೆ 2.4.6, ಬಹಳ ಹಳೆಯದು' ಅಂತ ವರದಿ. ಸರ್ವರ್ ನೋಡಿಕೊಳ್ಳುವವರು 'ಇಲ್ಲ, ಎಲ್ಲ ರಿಪೇರಿಯೂ ಆಗಿದೆ' ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ರೆಡ್ ಹ್ಯಾಟ್ 7, ಸೆಂಟ್‌ಓಎಸ್ 7 ತಳಪಾಯಗಳ ಜೊತೆ ಬಂದದ್ದು 2.4.6. ಮುಂದಿನ ಆವೃತ್ತಿಗಳಲ್ಲಿ ಆದ ಭದ್ರತೆಯ ರಿಪೇರಿಗಳನ್ನು ಮಾತ್ರ ಕಿತ್ತು ತಂದು, ಅದೇ ಹಳೆ 2.4.6ಕ್ಕೆ ಹೊಲಿದು ಕೊಡುತ್ತಿದ್ದರು. ಹಳೆ ಬಸ್ಸಿಗೆ ಹೊಸ ಬ್ರೇಕ್ ಹಾಕಿದ ಹಾಗೆ, ನಂಬರ್ ಪ್ಲೇಟ್ ಬದಲಾಗುವುದಿಲ್ಲ. ಸೈಟ್ ಮುರಿಯದೆ ತೂತು ಮುಚ್ಚುವ ಉಪಾಯ ಇದು. ಆದರೆ ಕೊನೆಯವರೆಗೂ ನಡೆಯುವುದಿಲ್ಲ. ಸೆಂಟ್‌ಓಎಸ್ 7ಕ್ಕೆ ಈ ಸೇವೆ 2024ರ ಜೂನ್ 30ಕ್ಕೆ ನಿಂತಿತು. ಅಲ್ಲಿಂದ ಮುಂದೆ ಹೊಸ ತೂತು ಕಂಡರೆ ಹೊಲಿದು ಕೊಡುವ ಆ ಕೈ ಇಲ್ಲ. ಹಳೆಯದೇ ಚೆನ್ನಾಗಿತ್ತಲ್ಲ ಅನ್ನುವ ಮೊದಲ ಪ್ರಶ್ನೆಗೆ ಉತ್ತರ ಇದು.

ಹೊಸದರಲ್ಲೇ ತೂತು ಬಿದ್ದಾಗ

ಹಾಗಂತ ಹೊಸದೆಲ್ಲ ಗಟ್ಟಿ ಅಂತಲೂ ಇಲ್ಲ. 2021ರ ಸೆಪ್ಟೆಂಬರಿನಲ್ಲಿ 2.4.49 ಬಂತು. ಕೊನೆಯ ಅಂಕಿ ಮಾತ್ರ ಬದಲಾದದ್ದು, ಲೆಕ್ಕದ ಪ್ರಕಾರ ಬರೀ ಮರುಮುದ್ರಣ. ಆದರೆ ವಿಳಾಸ ಓದುವ ಭಾಗವನ್ನು ತಿದ್ದುವಾಗ ಒಂದು ತಪ್ಪು ನುಸುಳಿತ್ತು.

ಕಂಪ್ಯೂಟರಿನಲ್ಲಿ ಎರಡು ಚುಕ್ಕೆ ಅಂದರೆ 'ಒಂದು ಕೋಣೆ ಹಿಂದಕ್ಕೆ ಹೋಗು' ಅಂತ. ಗಿರಾಕಿಯೊಬ್ಬ ಸಪ್ಲೈಯರಿಗೆ 'ಹಿಂದಿನ ಕೋಣೆಗೆ ಹೋಗು, ಅದರ ಹಿಂದಿನದಕ್ಕೆ ಹೋಗು, ಮಾಲೀಕರ ಬೀರು ತೆಗೆದು ಅಲ್ಲಿರೋದನ್ನ ತಾ' ಅಂದರೆ ಅವನು ಆಗಲ್ಲ ಅನ್ನಬೇಕು. ಎಲ್ಲ ಸರ್ವರ್‌ಗಳೂ ಅನ್ನುತ್ತವೆ. 2.4.49ರಲ್ಲಿ, ಆ ಎರಡು ಚುಕ್ಕೆಗಳಲ್ಲಿ ಒಂದನ್ನು ಬೇರೆ ಸಂಕೇತದಲ್ಲಿ ಬರೆದು ಕೇಳಿದರೆ ಗುರುತು ಸಿಗದೆ ಹೋಗಿ ತಂದುಕೊಡುತ್ತಿತ್ತು. ಕಳ್ಳರು ಆಗಲೇ ಇದನ್ನು ಬಳಸತೊಡಗಿದ್ದರು. ಅಕ್ಟೋಬರ್ 4ಕ್ಕೆ 2.4.50 ಬಂತು. ಆ ರಿಪೇರಿಯೂ ಅರೆಬರೆ ಅಂತ ಗೊತ್ತಾಗಿ, ಮೂರೇ ದಿನಕ್ಕೆ 2.4.51 ಬಂತು. ತಮಾಷೆ ಅಂದರೆ, 2.4.48ರಲ್ಲೇ ಸೋಮಾರಿಯಾಗಿ ಕೂತಿದ್ದವರಿಗೆ ಈ ತೂತು ತಟ್ಟಲೇ ಇಲ್ಲ.

2.4.49 ಹಾಕಿಕೊಂಡಿದ್ದವರಲ್ಲೂ ಎಲ್ಲರ ಬೀರೂ ತೆರೆದುಕೊಳ್ಳಲಿಲ್ಲ. ಸಪ್ಲೈಯರ್ ದಾರಿ ತಪ್ಪಿ ಹಿಂದಿನ ಕೋಣೆಯವರೆಗೆ ಹೋದರೂ, ಅಲ್ಲಿ ಬೀಗ ಇದ್ದರೆ ಬರಿಗೈಯಲ್ಲಿ ವಾಪಸ್ ಬರುತ್ತಿದ್ದ. ಆ ಬೀಗ ಯಾವುದು ಗೊತ್ತಾ? ಇಡೀ ಕಂಪ್ಯೂಟರಿಗೆ ಹಾಕಿದ 'ರಿಕ್ವೈರ್ ಆಲ್ ಡಿನೈಡ್'.

ಆ ಸುದ್ದಿ ಓದಿದ ರಾತ್ರಿ ಸಂಘದ ಸರ್ವರಿಗೆ ಲಾಗಿನ್ ಆದೆ. ಅಲ್ಲಿದ್ದದ್ದು ಉಬುಂಟು ಜೊತೆ ಬಂದ 2.4.41, ಅದಕ್ಕೆ ಈ ತೊಂದರೆಯೇ ಇರಲಿಲ್ಲ. ಆದರೂ ಸೆಟ್ಟಿಂಗ್ ಫೈಲ್ ತೆರೆದು ಕೆಳಗೆ ಇಳಿಸುತ್ತಾ ಹೋದೆ. ನಾನು 2015ರಲ್ಲಿ ಬೈದಿದ್ದ ಸಾಲು ಅಲ್ಲೇ ಇತ್ತು.